ಯುದ್ಧನೌಕೆಯ ಕ್ರೆಸ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಐಎನ್ಎಸ್ ಮೈಸೂರು ಹಡಗಿನ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಈ ಹೆಸರಿನ ಹಡಗುಗಳು ಎರಡು. ಮೊದಲನೆಯದು ಬ್ರಿಟಿಷರಿಂದ ಕೊಂಡ ಕ್ರೂಸರ್, 1957ರಲ್ಲಿ ನಮ್ಮ ನೌಕಾಪಡೆಗೆ ಬಂತು. ಈಗಿರುವುದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಡಿಸ್ಟ್ರಾಯರ್, 1999ರಲ್ಲಿ ಸೇವೆಗೆ ಸೇರಿತು. ಇಲ್ಲಿಯವರೆಗೆ ಬರವಣಿಗೆ ಸಲೀಸಾಗಿ ಸಾಗಿತು. ಹಡಗಿನ ಕ್ರೆಸ್ಟ್, ಅಂದರೆ ಆ ಹಡಗಿಗೆಂದೇ ಇರುವ ಗುರುತಿನ ಚಿತ್ರ, ಅದರ ವಿಷಯಕ್ಕೆ ಬಂದಾಗ ಪದ ಸಿಗದೆ ಕೈ ನಿಂತಿತು.

ಆ ಕ್ರೆಸ್ಟ್‌ನಲ್ಲಿರುವುದು ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’, ತೈತ್ತಿರೀಯ ಉಪನಿಷತ್ತಿನ ಮಾತು. ಎಂದೂ ಹೆದರುವುದಿಲ್ಲ ಅಂತ ಅರ್ಥ. ಎರಡು ತಲೆ, ಒಂದೊಂದೂ ಒಂದೊಂದು ಕಡೆ ನೋಡುವ ಹಕ್ಕಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಇಲ್ಲ ಅಂತ ನನಗನ್ನಿಸುತ್ತದೆ.

ಆದರೆ ಇದೇ ಹಕ್ಕಿ ಜಾಗ ಬದಲಿಸಿದ ಹಾಗೆಲ್ಲ ಹೆಸರೂ ಬದಲಾಗುತ್ತದೆ. ರಾಜ್ಯ ಸರ್ಕಾರದ ಕಾಗದದ ಮೇಲೆ ಇದ್ದರೆ ಲಾಂಛನ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲಿದ್ದರೆ ಲೋಗೋ. ಬಳ್ಳಿಗಾವಿಯ 1047ರ ಕಂಬಕ್ಕೆ ಹೋದರೆ ಅಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದನ್ನು ನಿಲ್ಲಿಸಿದ ಚಾವುಂಡರಾಯನಿಗೆ ಗಂಡಭೇರುಂಡ ಅನ್ನುವುದು ಬಿರುದು. ಹಾಗಾದರೆ ಹಡಗಿನ ಮೇಲೆ ಕೂತಾಗ ಏನು?

ಇಂಗ್ಲಿಷಿನಲ್ಲೇ ಇಲ್ಲೊಂದು ಗೋಜಲಿದೆ. ಕೋಟ್ ಆಫ್ ಆರ್ಮ್ಸ್ ಅಂದರೆ ಗುರಾಣಿ, ಅದರ ಮೇಲೆ ಶಿರಸ್ತ್ರಾಣ, ಅಕ್ಕಪಕ್ಕ ಪ್ರಾಣಿಗಳು, ಕೆಳಗೆ ಮಾತು ಬರೆದ ಪಟ್ಟಿ, ಎಲ್ಲ ಸೇರಿದ್ದು. ಅದರಲ್ಲಿ ಕ್ರೆಸ್ಟ್ ಅಂದರೆ ಶಿರಸ್ತ್ರಾಣದ ನೆತ್ತಿಯ ಮೇಲಿರುವ ಭಾಗ ಮಾತ್ರ. ಅಮೆರಿಕದ ಯುದ್ಧನೌಕೆಗಳಿಗೆ ಗುರಾಣಿ, ಕ್ರೆಸ್ಟ್ ಎರಡೂ ಇರುವ ವಿನ್ಯಾಸ ಮಾಡಿಕೊಡುತ್ತಾರೆ. ಬ್ರಿಟಿಷ್ ಹಡಗುಗಳಿಗೆ ಇರುವುದು ಬರೀ ಬ್ಯಾಡ್ಜ್: ಸುತ್ತ ಹಗ್ಗದ ಅಂಚು, ಮೇಲೆ ಹಾಯಿ ಮತ್ತು ಹಡಗಿನ ಹಿಂಬದಿಗಳನ್ನು ಜೋಡಿಸಿ ಮಾಡಿದ ಕಿರೀಟ, ನಡುವೆ ಒಂದೇ ಒಂದು ಗುರುತು. ಹಿಂದೆ ಅದರ ಆಕಾರ ನೋಡಿಯೇ ಹಡಗು ಯಾವ ಬಗೆಯದು ಅಂತ ಹೇಳಬಹುದಿತ್ತು. ದೊಡ್ಡ ಯುದ್ಧನೌಕೆಗೆ ದುಂಡು, ಕ್ರೂಸರ್‌ಗೆ ಐದು ಮೂಲೆ, ಡಿಸ್ಟ್ರಾಯರ್‌ಗೆ ಗುರಾಣಿ. ನಮ್ಮ ನೌಕಾಪಡೆ ಬಂದದ್ದು ಈ ದಾರಿಯಲ್ಲೇ. ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು, ಅಷ್ಟೆ. ಅಂದರೆ ನಾವು ಕ್ರೆಸ್ಟ್ ಅನ್ನುವುದು ನಿಜವಾಗಿ ಬ್ಯಾಡ್ಜ್.

ನಿಘಂಟು ತೆಗೆದರೆ ಕ್ರೆಸ್ಟ್‌ಗೆ ಶಿಖೆ, ಜುಟ್ಟು ಅಂತ ಸಿಗುತ್ತದೆ. ಕೋಳಿಗೆ ಸರಿ, ಹಡಗಿಗೆ ಆಗದು. ಶಿರಸ್ತ್ರಾಣದ ಮೇಲಿನ ಭಾಗಕ್ಕೆ ‘ತುರಾಯಿ’ ಚೆನ್ನಾಗಿ ಹೊಂದುತ್ತದೆ, ರುಮಾಲಿನ ತುರಾಯಿ ಎಲ್ಲರಿಗೂ ಗೊತ್ತು ಅಲ್ವಾ? ‘ಚಿಹ್ನೆ’ ತುಂಬಾ ಸಡಿಲ, ಚುನಾವಣೆಯ ಗುರುತೂ ಚಿಹ್ನೆಯೇ. ‘ಮುದ್ರೆ’ ಒತ್ತುವಂಥದ್ದು. 2022ರಲ್ಲಿ ಬಂದ ನೌಕಾಪಡೆಯ ಹೊಸ ಧ್ವಜದ ಎಂಟು ಮೂಲೆಯ ಆಕಾರ ಶಿವಾಜಿಯ ರಾಜಮುದ್ರೆಯಿಂದ ಬಂದದ್ದು, ಅಲ್ಲಿ ಆ ಪದ ಸರಿ.

ನನ್ನ ಒಲವು ‘ಲಾಂಛನ’ದ ಕಡೆ. ಕಾರಣ ಶಾಸನಗಳಲ್ಲಿದೆ. ಚಾಲುಕ್ಯರದು ವರಾಹಲಾಂಛನ. ಕದಂಬರ ಶಾಸನಗಳಲ್ಲಂತೂ ಸಿಂಹಲಾಂಛನ, ವಾನರಧ್ವಜ ಅಂತ ಎರಡನ್ನೂ ಬೇರೆಬೇರೆಯಾಗಿ ಹೇಳುತ್ತಾರೆ. ಬಾವುಟದಲ್ಲಿ ಕೋತಿ, ಲಾಂಛನದಲ್ಲಿ ಸಿಂಹ. ಇಷ್ಟು ಸ್ಪಷ್ಟವಾದ ಪದ ನಮ್ಮಲ್ಲೇ ಇರುವಾಗ ಹೊಸದನ್ನು ಸುಮ್ನೆ ಕಟ್ಟುವುದು ಬೇಡ.

ಒಂದು ತೊಡಕು ಮಾತ್ರ ಉಳಿಯುತ್ತದೆ. ನೌಕಾಪಡೆಯವರು ವಿನ್ಯಾಸವನ್ನೂ ಕ್ರೆಸ್ಟ್ ಅನ್ನುತ್ತಾರೆ, ಮರದ ಹಲಗೆಗೆ ಕೂರಿಸಿ ಅತಿಥಿಗಳಿಗೆ ಕೊಡುವ ವಸ್ತುವನ್ನೂ ಕ್ರೆಸ್ಟ್ ಅನ್ನುತ್ತಾರೆ. ‘ಲಾಂಛನ ಕೊಟ್ಟರು’ ಅಂತ ಬರೆದರೆ ಹಡಗಿಗೆ ಹೊಸ ಗುರುತು ಸಿಕ್ಕಿತು ಅಂತ ಓದುಗರು ತಿಳಿಯುತ್ತಾರೆ. ವಸ್ತುವಿಗೆ ‘ಲಾಂಛನದ ಬಿಲ್ಲೆ’ ಅನ್ನಬಹುದೇ? ಕಚೇರಿ ಜವಾನರ ಹಿತ್ತಾಳೆ ಬಿಲ್ಲೆ ಹಳಬರ ಬಾಯಲ್ಲಿ ಇನ್ನೂ ಇದೆ. ‘ಸ್ಮರಣಿಕೆ’ ಅಂದರೆ ಶಾಲು, ಹಾರದ ಜತೆ ಕೊಡುವ ಯಾವುದೂ ಆಗಿಬಿಡುತ್ತದೆ, ಹಡಗಿನ ಗುರುತೇ ಹೋಗುತ್ತದೆ.

ಇನ್ನೆರಡು ಕೇಳಬೇಕು. ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಆಚೀಚೆ ಆನೆತಲೆಯ ಸಿಂಹಗಳಿವೆ. ಶರಭ ಅನ್ನುವುದು ಆ ಪ್ರಾಣಿಯ ಹೆಸರು. ಆದರೆ ಲಾಂಛನವನ್ನು ಎರಡೂ ಕಡೆ ಹಿಡಿದು ನಿಲ್ಲುವ ಆ ಸ್ಥಾನಕ್ಕೆ ಶಿಲ್ಪಿಗಳ ಮಾತಿನಲ್ಲಿ ಪದವಿದೆಯೇ? ಹಾಗೆಯೇ, ಕರಾವಳಿಯ ಕಡೆಯವರು ಯಾರಾದರೂ ಇದ್ದರೆ, ದೋಣಿಯ ಮೇಲೆ ಬರೆಸುವ ಗುರುತಿಗೆ ಮೀನುಗಾರರು ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ಅದು ಲಾಂಛನಕ್ಕಿಂತ ಚೆನ್ನಾಗಿ ಹೊಂದಿದರೆ ಬರಹದಲ್ಲಿ ಅದನ್ನೇ ಹಾಕುತ್ತೇನೆ.