ಡಿಸೆಂಬರ್ ಕೊನೆಗೆ ಹೆರಿಗೆ: ಪಾಪುಗೆ ಮೊದಲ ತಿಂಗಳಿಗೆ ಬಟ್ಟೆ ಏನೇನು, ಎಷ್ಟೆಷ್ಟು?

ಒಂಟಿಕೊಪ್ಪಲು_ಮೈಸೂರು:

ನಮಸ್ಕಾರ. ಹೆಂಡತಿ ಹೆರಿಗೆಗೆ ಅಂತ ಪಾಂಡವಪುರ ಹತ್ತಿರದ ತವರಿಗೆ ಹೋಗಿದ್ದಾಳೆ. ಡಿಸೆಂಬರ್ ಕೊನೇ ವಾರ ಅಂದಿದ್ದಾರೆ, ಆಸ್ಪತ್ರೆ ಮಂಡ್ಯದ್ದು. ಕೂಸು ಹುಟ್ಟೋ ಮುಂಚೆ ಹೊಸ ಬಟ್ಟೆ ಮನೆಗೆ ತರಬಾರದು ಅನ್ನೋದು ಅತ್ತೆಯವರ ಮಾತು, ಅದನ್ನ ಮೀರೋ ಇರಾದೆ ನನಗಿಲ್ಲ. ಹಾಗಂತ ಆಸ್ಪತ್ರೆಗೆ ಬರಿಗೈಲಿ ಹೋಗೋಕಾಗಲ್ಲವಲ್ಲ. ಹಳೇ ಬಟ್ಟೇಲೇ ಏನೇನು ಹೊಲಿಸಿ ಇಟ್ಕೋಬಹುದು? ಎಷ್ಟು ಬೇಕು? ಹುಟ್ಟಿದ ಮೇಲೆ ಅಂಗಡಿಯಿಂದ ತರಲೇಬೇಕಾದ್ದು ಯಾವುದು? ದೇವರಾಜ ಅರಸು ರಸ್ತೇಲಿ ಸುಮ್ನೆ ವಿಚಾರಿಸಿದ್ರೆ ಎಲ್ಲರೂ ಡಬ್ಬದ ಗಿಫ್ಟ್ ಸೆಟ್ಟೇ ತೋರಿಸ್ತಾರೆ. ಊರಲ್ಲಿ ಬೋರ್‌ವೆಲ್ ನೀರು, ಮನೆ ಹಿಂದೆ ನಾಲೆ, ಸೊಳ್ಳೆ ಜಾಸ್ತಿ. ಚಳಿಗಾಲ ಬೇರೆ. ಇದನ್ನೆಲ್ಲ ಗಮನದಲ್ಲಿಟ್ಟು ಹೇಳಿ.

ಸೂಜಿದಾರ_ಪೇಟೆಬೀದಿ:

ನಿಮ್ಮ ಅತ್ತೆಯವರು ಹೇಳಿದ್ದು ಬಟ್ಟೆ ಲೆಕ್ಕದಲ್ಲೂ ಸರಿ ಇದೆ ಸಾರ್. ಹೊಸ ಕಾಟನ್ನಿಗೆ ಮಿಲ್ಲಲ್ಲೇ ಗಂಜಿ ಹಾಕಿರ್ತಾರೆ. ಅದು ಪೂರ್ತಿ ಹೋಗೋವರೆಗೂ ಬಟ್ಟೆ ನೀರು ಹೀರಲ್ಲ, ಉಚ್ಚೆ ಮೇಲ್ಮೇಲೆ ಹರಿದು ಬೆನ್ನಿಗೆ ಹೋಗುತ್ತೆ. ವರ್ಷಗಟ್ಟಲೆ ಒಗೆದ ಪಂಚೆ ತಕ್ಷಣ ಹೀರುತ್ತೆ, ಚರ್ಮಕ್ಕೂ ಒರಟಲ್ಲ.

ಆದ್ರೆ ಒಂದು ಎಚ್ಚರ. ಈಗ ಮನೇಲಿರೋ ಪಂಚೆಗಳಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್ ಬೆರೆತವು. ಅಂಚಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದ್ರೆ ಕಾಟನ್. ಕರಗಿ ಗಟ್ಟಿ ಮಣಿ ಥರ ಆದ್ರೆ ಬೆರಕೆ, ಅದನ್ನ ಕಿಟಕಿ ಒರೆಸೋಕೆ ಇಟ್ಕೊಳಿ. ಮೇಲುಕೋಟೆ ಕಡೆಯ ಹಳೇ ಮಗ್ಗದ ಪಂಚೆ ಮನೇಲಿದ್ರೆ ಅದಕ್ಕಿಂತ ಒಳ್ಳೇದು ಹುಡುಕೋದೇ ಬೇಡ.

ಲಂಗೋಟಿ ಲೆಕ್ಕ: 8 ಮೊಳದ ಪಂಚೆ 144 ಇಂಚು ಉದ್ದ, ಸುಮಾರು 50 ಇಂಚು ಪನ್ನ, ಅಂದ್ರೆ ಅಗಲ. ಎರಡೂ ಕಡೆ ಅಂಚು ಒಂದೊಂದು ಇಂಚು ಕತ್ತರಿಸಿ ತೆಗೀರಿ. ಜರಿ ಗೀಚುತ್ತೆ, ಬಣ್ಣದ ಅಂಚು ಹೀರಲ್ಲ. ಉಳಿದದ್ದರಲ್ಲಿ 24 ಇಂಚಿನ ಚೌಕ 12 ಬರುತ್ತೆ. ಎರಡು ಪಂಚೆಗೆ 24 ಲಂಗೋಟಿ. ದಿನಕ್ಕೆರಡು ಸಲ ಒಗೆಯೋ ಮನೆಗೆ ಇಷ್ಟು ಸಾಕು, ಮಳೆಗಾಲವಾಗಿದ್ರೆ 36 ಅಂತಿದ್ದೆ. ಸುತ್ತ ಕಾಲಿಂಚು ಮಡಿಸಿ ಕಾಟನ್ ದಾರದಲ್ಲೇ ಹೊಲಿಸಿ. ಓವರ್‌ಲಾಕ್ ಮಾಡಿಸಬೇಡಿ, ಆ ನೈಲಾನ್ ದಾರ ಒಗೆದಂತೆಲ್ಲ ಬಿಟ್ಕೊಂಡು ಕಾಲ್ಬೆರಳಿಗೆ ಸುತ್ಕೊಳುತ್ತೆ.

ಕಟ್ಟೋದು: ಮೂಲೆಯಿಂದ ಮೂಲೆಗೆ ಮಡಿಸಿದ್ರೆ ತ್ರಿಕೋನ. ಉದ್ದದ ಅಂಚು ಸೊಂಟದ ಕೆಳಗೆ, ಚೂಪು ತುದಿ ಕಾಲ ನಡುವಿಂದ ಮುಂದಕ್ಕೆ, ಮೂರೂ ತುದಿ ಹೊಕ್ಕಳಿಂದ ಕೆಳಗೆ ಸಡಿಲ ಗಂಟು. ಗಂಡು ಕೂಸಿಗೆ ಮುಂದೆ ಒಂದು ಮಡಿಕೆ ಜಾಸ್ತಿ ಕೊಡಿ, ಹೆಣ್ಣು ಕೂಸಿಗೆ ನಡುವೆ. ಪಿನ್ನು ಮುಟ್ಟಲೇಬೇಡಿ.

ಜಬಲಾ, ಅಂದ್ರೆ ಕೂಸಿನ ಸಡಿಲ ಅಂಗಿ, 8 ಬೇಕು. ಹುಟ್ಟಿದ ಮಗುವಿನ ಎದೆ ಸುತ್ತಳತೆ 13 ಇಂಚಿನ ಒಳಗೇ ಇರುತ್ತೆ. ಜಬಲಾಕ್ಕೆ ಎದೆ 18, ಉದ್ದ 11 ಇಡಿಸಿ. ಮುಂದೆ ಪೂರ್ತಿ ಬಿಚ್ಚೋ ಹಾಗಿರಬೇಕು, ಒಂದರ ಮೇಲೊಂದು ಎರಡಿಂಚು ಹಾಯಬೇಕು, ಪಕ್ಕದಲ್ಲಿ ಎರಡೇ ಲಾಡಿ. ಕುತ್ತಿಗೆ ಹತ್ರ ಲಾಡಿ ಬೇಡ. ಲಾಡಿ ನಾಲ್ಕಿಂಚು ದಾಟಬಾರದು. ತೋಳು ಬೇರೆ ಕೂರಿಸದೆ ಒಟ್ಟಿಗೇ ಕತ್ತರಿಸಿದ್ರೆ ಕಂಕುಳಲ್ಲಿ ಹೊಲಿಗೆ ಒತ್ತಲ್ಲ. ಮುಖ್ಯವಾದ್ದು, ಹೊಲಿಗೆಯ ಮಡಿಕೆ ಹೊರಗಡೆ ಬರಲಿ. ನೋಡೋಕೆ ತಿರುವಿ ಹಾಕಿದ ಹಾಗೆ ಕಾಣುತ್ತೆ, ನೆಂಟರು ಏನಾದ್ರೂ ಅಂದ್ಕೊಳ್ಳಲಿ. 44 ಇಂಚು ಪನ್ನದ ಮಲ್ (ತೆಳು ಮೆತ್ತನೆ ಕಾಟನ್) ಬಟ್ಟೆ ಒಂದು ಮೀಟರಿಗೆ ಮೂರು ಜಬಲಾ ಆಗುತ್ತೆ. ಹಳೇ ಕಾಟನ್ ಸೀರೆಯ ಒಡಲಲ್ಲಾದ್ರೆ ಎಂಟೂ ಸಲೀಸು.

ಸುತ್ತೋಕೆ 40 ಇಂಚಿನ ಚೌಕ ಐದು. ಬಾಯಿ ಒರೆಸೋಕೆ ಉಳಿದ ಚೂರಲ್ಲಿ ಅಂಗೈಯಗಲದವು ಹತ್ತು.

ಶಿಶುವಾರ್ಡ್_ಸಿಸ್ಟರ್:

ಹೊಲಿಗೆ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಆಸ್ಪತ್ರೆಯ ಭಾಗ ಹೇಳ್ತೀನಿ.

ಹೆರಿಗೆ ಕೋಣೆಗೆ ಕೊಡೋಕೆ ಎರಡು ಒಣ, ದಪ್ಪಗಿನ ಮೆತ್ತನೆ ಬಟ್ಟೆ ಬೇರೆಯಾಗಿ ಇಡಿ. ಒಂದರಲ್ಲಿ ಮಗುವನ್ನು ಒರೆಸ್ತಾರೆ. ಅದು ಒದ್ದೆಯಾಗುತ್ತೆ, ತೆಗೆದು ಎರಡನೇದರಲ್ಲಿ ಸುತ್ತುತ್ತಾರೆ, ಇಲ್ಲಾ ತಾಯಿ ಎದೆ ಮೇಲೆ ಮಲಗಿಸಿ ಹೊದಿಸ್ತಾರೆ. ಹುಟ್ಟಿದ ಮೊದಲ ಗಂಟೆಯಲ್ಲಿ ಮೈ ಬಿಸಿ ಹೋಗೋದು ಹೆಚ್ಚಾಗಿ ಒದ್ದೆಯಿಂದಲೇ. ಒಂದೇ ಬಟ್ಟೆ ತಂದವರ ಮಗು ಒದ್ದೆ ಬಟ್ಟೆಯಲ್ಲೇ ಉಳಿಯುತ್ತೆ. ಕುಲಾವಿ ಒಂದು ಅದರ ಜೊತೆಗೇ ಇರಲಿ, ತಲೆ ಸುತ್ತಳತೆ 33ರಿಂದ 35 ಸೆಂಟಿಮೀಟರ್.

ಚೀಲದಲ್ಲಿ: ಜಬಲಾ 4, ಲಂಗೋಟಿ 12, ಸುತ್ತೋ ಬಟ್ಟೆ 3, ಕುಲಾವಿ 2, ಸಾಕ್ಸ್ 2 ಜೊತೆ, ರಬ್ಬರ್ ಶೀಟ್ 1, ತೆಂಗಿನೆಣ್ಣೆ ಸಣ್ಣ ಬಾಟಲಿ. ಮೊದಲ ಎರಡು ಮೂರು ದಿನದ ಕಕ್ಕ ಕಪ್ಪಗೆ ಟಾರಿನ ಹಾಗಿರುತ್ತೆ. ಮುಂಚೆನೇ ತಿಕಕ್ಕೆ ಎಣ್ಣೆ ಸವರಿದ್ದರೆ ಒರೆಸಿದರೆ ಬರುತ್ತೆ, ಇಲ್ಲದಿದ್ದರೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತೆ. ಸಿಸೇರಿಯನ್ ಆಗಿ ನಾಲ್ಕೈದು ದಿನ ಉಳಿಯಬೇಕಾದರೆ ಉಳಿದದ್ದನ್ನು ಮನೆಯಿಂದ ತರಿಸಿಕೊಳ್ಳಿ. ಒಂದೊಂದು ಜಬಲಾ, ಎರಡೆರಡು ಲಂಗೋಟಿ ಸೇರಿಸಿ ಸುರುಳಿ ಸುತ್ತಿಡಿ. ರಾತ್ರಿ ಎರಡು ಗಂಟೆಗೆ ಚೀಲ ಹುಡುಕೋರು ನೀವೇ.

ಎಷ್ಟು ಪದರ? ನಮ್ಮ ಕಡೆ ಡಿಸೆಂಬರ್, ಜನವರಿ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ, ಹೆಂಚಿನ ಮನೆ ಒಳಗೂ ತಣ್ಣಗೇ. ದೊಡ್ಡವರು ಹಾಕಿಕೊಂಡಿರೋದಕ್ಕಿಂತ ಒಂದೇ ಒಂದು ಪದರ ಹೆಚ್ಚು ಸಾಕು: ಒಳಗೆ ಜಬಲಾ, ಮೇಲೆ ತೆಳು ಸ್ವೆಟರ್, ಸುತ್ತೋ ಬಟ್ಟೆ. ಉಲ್ಲನ್ ಅಂತ ಮಾರೋದು ಹೆಚ್ಚಿನವು ಅಕ್ರಿಲಿಕ್, ನೇರ ಮೈಗೆ ತಾಗಿದರೆ ಚಳಿಯಲ್ಲೂ ಬೆವರುಸಾಲೆ ಏಳುತ್ತೆ. ಕೈ ಕಾಲು ಮುಟ್ಟಿ "ತಣ್ಣಗಿದೆ" ಅಂತ ಇನ್ನೊಂದು ಹೊದಿಸೋದು ಸಾಮಾನ್ಯ ತಪ್ಪು. ಮೊದಲ ದಿನಗಳಲ್ಲಿ ಅಂಗೈ ಅಂಗಾಲು ತಣ್ಣಗೆ, ಸ್ವಲ್ಪ ನೀಲಿಯಾಗೂ ಇರುತ್ತವೆ. ಎದೆ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೀರಿ. ಎದೆ ತಣ್ಣಗಿದ್ದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಹಾಕಿ ಹೊದಿಸಿ. ಆಮೇಲೂ ಬೆಚ್ಚಗಾಗದಿದ್ದರೆ, ಹಾಲು ಕುಡೀದಿದ್ದರೆ ಆಸ್ಪತ್ರೆಗೆ ಬನ್ನಿ, ಕಾಯಬೇಡಿ.

ಕುಲಾವಿ ಬಗ್ಗೆ ಮನೆಯಲ್ಲಿ ಜಗಳ ಆಗೋದು ಖಂಡಿತ. ಮೊದಲ ಕೆಲವು ದಿನ, ಮತ್ತೆ ಹೊರಗೆ ಕರೆದೊಯ್ಯುವಾಗ ಬೇಕು. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗುವಾದರೆ ಡಾಕ್ಟರ್ ಬೇಡ ಅನ್ನೋವರೆಗೂ ಬೇಕು. ತಿಂಗಳು ತುಂಬಿ ಹುಟ್ಟಿದ, ತೂಕ ಚೆನ್ನಾಗಿರೋ ಮಗುವಿಗೆ ಮುಚ್ಚಿದ ಬೆಚ್ಚನೆ ಕೋಣೆಯಲ್ಲಿ ಮಲಗುವಾಗ ಬೇಡ. ಮೈ ಬಿಸಿ ಹೆಚ್ಚಾದರೆ ಹೊರಹೋಗೋ ದಾರಿ ತಲೆಯೇ. ಗದ್ದದ ಕೆಳಗೆ ಕಟ್ಟೋ ಲಾಡಿ ಇದ್ದರೆ ಕತ್ತರಿಸಿ ಹಾಕಿ. ಕುತ್ತಿಗೆಯ ದೃಷ್ಟಿ ದಾರಕ್ಕೂ ಇದೇ ಮಾತು. ಉಡುದಾರ ಕಟ್ಟೋದಾದರೆ ಎರಡು ಬೆರಳು ಸಲೀಸಾಗಿ ಹೋಗಬೇಕು, ವಾರಕ್ಕೊಮ್ಮೆ ನೋಡಿ. ಕೂಸು ಬೆಳೆಯುತ್ತೆ, ದಾರ ಬೆಳೆಯಲ್ಲ.

ಹೊಕ್ಕಳು ಬಳ್ಳಿ ಒಂದೆರಡು ವಾರದಲ್ಲಿ ತಾನೇ ಒಣಗಿ ಬೀಳುತ್ತೆ. ಅಲ್ಲೀವರೆಗೆ ಲಂಗೋಟಿ ಆಗಲಿ ಡೈಪರ್ ಆಗಲಿ ಅದರ ಕೆಳಗೇ ನಿಲ್ಲಬೇಕು. ಇಲಾಸ್ಟಿಕ್ ಚಡ್ಡಿ ಬೇಡ. ತಲೆ ಮೇಲಿಂದ ತೂರಿಸೋ ಬನಿಯನ್ ಈ ತಿಂಗಳಿಗೆ ಬೇಡವೇ ಬೇಡ, ಬಟ್ಟೆ ಹಾಕುವಾಗ ಕತ್ತು ಹಿಡಿಯೋಕೆ ಮೂರನೇ ಕೈ ಬೇಕಾಗುತ್ತೆ.

ಸುತ್ತೋದು: ಎದೆ ಹತ್ತಿರ ನಿಮ್ಮ ಎರಡು ಬೆರಳು ಹೋಗುವಷ್ಟು ಸಡಿಲ, ಸೊಂಟದ ಕೆಳಗೆ ಇನ್ನೂ ಸಡಿಲ. ಎಣ್ಣೆನೀರು ಹಾಕಿದ ಮೇಲೆ ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಕಟ್ಟೋ ಅಭ್ಯಾಸ ಇದೆಯಲ್ಲ, ಅದರಿಂದ ಸೊಂಟದ ಕೀಲು ಜಾರೋ ಅಪಾಯ ಇದೆ. ಕಪ್ಪೆ ಕಾಲಿನ ಹಾಗೆ ಮಡಚಿ ಅಗಲಿಸಿಕೊಳ್ಳೋಕೆ ಜಾಗ ಇರಲಿ. ಮಲಗಿಸೋದು ಅಂಗಾತ. ದಪ್ಪ ದುಪಟಿ ಸಡಿಲವಾಗಿ ಹೊದಿಸಿ ಬಿಡಬೇಡಿ, ಮುಖದ ಮೇಲೆ ಬಂದರೆ ತೆಗೆಯೋ ಶಕ್ತಿ ಮಗುವಿಗಿಲ್ಲ.

ಸೊಳ್ಳೆಗೆ ಪರದೆ. ಎರಡು ತಿಂಗಳು ತುಂಬೋವರೆಗೆ ಮೈಗೆ ಕ್ರೀಮು ಬೇಡ.

ಮದ್ದೂರಜ್ಜಿ:

ಒಗೆಯಾದ ಯಾರೂ ಹೇಳ್ಲಿಲ್ವಲ್ಲಪ್ಪ. ಬೋರ್ ನೀರು ಗಡಸು. ಬಾರ್ ಸೋಪು ಹಾಕುದ್ರೆ ಬಿಳೀ ಜಿಡ್ಡು ಕಟ್ಟಿ ಎಳೆ ಒಳಗೇ ಕೂತ್ಕತದೆ, ಹದಿನೈದು ದಿನಕ್ಕೆ ಲಂಗೋಟಿ ಹಪ್ಪಳ ಆಯ್ತದೆ. ಲಿಕ್ವಿಡ್ ಸೋಪು ಡಬ್ಬಿ ಮೇಲೆ ಬರೆದಿರೋದ್ರಲ್ಲಿ ಅರ್ಧ ಹಾಕಿ, ಮೂರು ನೀರಲ್ಲಿ ಜಾಲಿಸಿ. ಆಗ್ಲೇ ಗಟ್ಟಿ ಆಗಿದ್ರೆ ಒಂದು ಬಕೆಟ್ಟಿಗೆ ಅರ್ಧ ಬಟ್ಟಲು ವಿನೆಗರ್ ಹಾಕಿ ಕಾಲುಗಂಟೆ ನೆನೆಸಿ, ಆಮೇಲೆ ಸಾದಾ ನೀರಲ್ಲಿ ಜಾಲಿಸಿ. ಕುಡಿಯೋ ಕಾವೇರಿ ನೀರು ಬರೋ ದಿನ ಕೊನೇ ನೀರು ಅದ್ರಲ್ಲೇ ಮಾಡಿ. ನಾಲೆ ನೀರು ಮಾತ್ರ ಬ್ಯಾಡ, ಗದ್ದೆಗೆ ಹೊಡೆದ ಔಷ್ದಿ ಎಲ್ಲ ಅಲ್ಲಿಗೇ ಇಳೀತದೆ.

ಕಕ್ಕದ ಬಟ್ಟೆ ಮೊದ್ಲು ತಣ್ಣೀರಲ್ಲೇ ಉಜ್ಜಿ. ಬಿಸಿನೀರು ಮೊದ್ಲೇ ಹುಯ್ದ್ರೆ ಕಲೆ ಕಚ್ಕತದೆ. ಎದೆಹಾಲಿನ ಕೂಸಿನ ಹಳದಿ ಕಲೆ ಒಗೆದ್ರೂ ಉಳಿದ್ರೆ ಒದ್ದೆಲೇ ಬಿಸ್ಲಿಗೆ ಹಾಕಿ, ಬಿಸ್ಲೇ ತೆಗೀತದೆ. ಡೆಟಾಲು, ಬಟ್ಟೆಗೆ ವಾಸ್ನೆ ಬರೋ ಲಿಕ್ವಿಡ್ಡು ಎರಡೂ ಬ್ಯಾಡ. ಬೇಲಿ ಮೇಲೆ, ನುಗ್ಗೆ ಮರದ ಕೆಳಗೆ ಒಣಗಾಕಬೇಡಿ, ಕಂಬಳಿಹುಳದ ರೋಮ ಬಿದ್ರೆ ಕೂಸಿನ ಮೈಯೆಲ್ಲ ದದ್ದು. ಮಂಜು ಬೀಳೋಕ್ಮುಂಚೆ ಒಳಗೆ ತಗೊಳಿ.

ಒಂಟಿಕೊಪ್ಪಲು_ಮೈಸೂರು:

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಎರಡು ಪ್ರಶ್ನೆ ಉಳಿದಿವೆ. ಭಾವನ ಮಗುವಿನ ಹಳೇ ಬಟ್ಟೆ ಒಂದು ಟ್ರಂಕ್ ತುಂಬ ಇದೆ, ನುಸಿಗುಳಿಗೆ ಹಾಕಿ ಎತ್ತಿಟ್ಟಿದ್ದಾರೆ. ಅದನ್ನೇ ಬಳಸಬಹುದಾ? ಇನ್ನೊಂದು, ಕೈಗೆ ಗ್ಲೌಸು, ಡೈಪರ್ ಬಗ್ಗೆ ಯಾರೂ ಹೇಳಲಿಲ್ಲ.

ಶಿಶುವಾರ್ಡ್_ಸಿಸ್ಟರ್:

ಆ ಟ್ರಂಕಿನ ಬಟ್ಟೆ ಹುಟ್ಟಿದ ಕೂಸಿಗೆ ಹಾಕಬೇಡಿ. ನ್ಯಾಫ್ತಲೀನ್ ಗುಳಿಗೆಯ ಆವಿ ಬಟ್ಟೆಯಲ್ಲಿ ಸೇರಿಕೊಂಡಿರುತ್ತೆ, ಉಸಿರಲ್ಲೂ ಚರ್ಮದಲ್ಲೂ ಒಳಗೆ ಹೋಗುತ್ತೆ, ಎಣ್ಣೆ ಹಚ್ಚಿದ ಮೈಯಲ್ಲಿ ಇನ್ನೂ ಬೇಗ. ಜಿ6ಪಿಡಿ ಅನ್ನೋ ಕಿಣ್ವ ಕಡಿಮೆ ಇರೋ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತೆ, ಕಾಮಾಲೆ ಏಕಾಏಕಿ ಏರುತ್ತೆ. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಹುಟ್ಟುವಾಗ ನೋಡಿ ಹೇಳೋಕಾಗಲ್ಲ. ಒಂದು ಸಲ ಒಗೆದರೆ ಹೋಗೋ ವಾಸನೆಯಲ್ಲ ಅದು. ಹೊದಿಕೆ, ತೊಟ್ಟಿಲ ಬಟ್ಟೆಗೂ ಇದೇ ಮಾತು. ಇನ್ನು ಮೇಲೆ ಎತ್ತಿಡೋದಕ್ಕೆ ಒಣಗಿದ ಬೇವಿನಸೊಪ್ಪು ಸಾಕು.

ಗ್ಲೌಸು ಉಗುರು ಪರಚದಿರಲಿ ಅಂತ ಹಾಕ್ತಾರೆ. ಹಸಿವಾದಾಗ ಮಗು ಅಳೋ ಮುಂಚೆ ಕೈ ಬಾಯಿಗೆ ಒಯ್ಯುತ್ತೆ. ಇಡೀ ದಿನ ಕೈ ಮುಚ್ಚಿದ್ದರೆ ಆ ಸೂಚನೆ ನಿಮಗೆ ಕಾಣಲ್ಲ. ಮಲಗಿದ್ದಾಗ ಉಗುರನ್ನು ನಯವಾದ ಫೈಲಿನಲ್ಲಿ ಉಜ್ಜಿ. ಹಾಕಲೇಬೇಕಾದರೆ ಒಳಮುಖ ತಿರುವಿ ಬಿಟ್ಟ ಎಳೆ ಇದ್ದರೆ ಕತ್ತರಿಸಿ, ಸಾಕ್ಸಿಗೂ ಹೀಗೇ ಮಾಡಿ. ಬೆರಳಿಗೆ ಎಳೆ ಸುತ್ತಿಕೊಂಡರೆ ಊದಿಕೊಂಡು ಕಾಣದ ಹಾಗೆ ಒಳಗೆ ಹೂತುಹೋಗುತ್ತೆ. ಮಗು ಕಾರಣ ಇಲ್ಲದೆ ಒಂದೇ ಸಮ ಅಳ್ತಿದ್ದರೆ ಮೊದಲು ಬೆರಳುಗಳನ್ನು ನೋಡಿ.

ಡೈಪರ್ ರಾತ್ರಿಗೆ, ಪ್ರಯಾಣಕ್ಕೆ ಇಟ್ಟುಕೊಳ್ಳಿ. ಮೂರು ನಾಲ್ಕು ಗಂಟೆಗೊಮ್ಮೆ, ಕಕ್ಕ ಆದರೆ ತಕ್ಷಣ ಬದಲಿಸಿ. ಹಗಲು ಲಂಗೋಟಿ ಇದ್ದರೆ ಒಂದು ಅನುಕೂಲ ಇದೆ, ಒದ್ದೆ ಎಣಿಸಬಹುದು. ಐದನೇ ದಿನದಿಂದ ದಿನಕ್ಕೆ ಆರಕ್ಕಿಂತ ಕಡಿಮೆ ಒದ್ದೆ ಆದರೆ ಹಾಲು ಸಾಲ್ತಿಲ್ಲ ಅಂತ ಅನುಮಾನ ಪಡಬೇಕು. ಡೈಪರಿನಲ್ಲಿ ಈ ಲೆಕ್ಕ ತಪ್ಪುತ್ತೆ.

ಸೂಜಿದಾರ_ಪೇಟೆಬೀದಿ:

ಹುಟ್ಟಿದ ಮೇಲೆ ತರೋದು: ಬನಿಯನ್ ಬಟ್ಟೆಯ ಮುಂದೆ ಬಿಚ್ಚೋ ಅಂಗಿ ನಾಲ್ಕು, ಟಿಚ್ ಬಟನ್ನಿನದು. ಕೊಳ್ಳುವಾಗ ಬಟನ್ ಹಿಂದೆ ಬೆರಳು ಸವರಿ ನೋಡಿ, ಚುಚ್ಚಿದ್ರೆ ವಾಪಸ್ ಕೊಡಿ. ಸೊಳ್ಳೆ ಹೊತ್ತಿಗೆ ಪೂರ್ತಿ ತೋಳಿನ, ಪಾದ ಮುಚ್ಚಿದ ತೆಳು ಕಾಟನ್ ಸೂಟ್ ಮೂರು. ಸ್ವೆಟರ್ ಒಂದು. ಹುಟ್ಟಿದವರ ಅಳತೆಯದು ಎರಡೇ ಸಾಕು, ಮಿಕ್ಕಿದ್ದೆಲ್ಲ ಸೊನ್ನೆಯಿಂದ ಮೂರು ತಿಂಗಳದ್ದು ತಗೊಳಿ. ಬನಿಯನ್ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತೆ, ಕೂಸು ಮೊದಲ ವಾರ ಕಳೆದ ಮೇಲೆ ದಿನಕ್ಕೆ 25-30 ಗ್ರಾಂ ಏರುತ್ತೆ. ಗಿಫ್ಟ್ ಸೆಟ್ಟಲ್ಲಿ ಬರೋ ಸಣ್ಣ ದಿಂಬು, ಬಿಬ್ಬು, ಬೂಟು ಈ ತಿಂಗಳಿಗೆ ಯಾವುದೂ ಬೇಡ. ನಾಮಕರಣಕ್ಕೆ ಜರಿ ಬಟ್ಟೆ ಹಾಕೇ ಹಾಕ್ತೀರಿ, ಒಳಗೆ ಒಂದು ಹಳೇ ಜಬಲಾ ಹಾಕಿ, ಫೋಟೊ ಆದ ಕೂಡಲೇ ಬಿಚ್ಚಿ.