2.5 ಎಂ.ಎಲ್. ಕೊಟ್ಟರೂ ಜ್ವರ ಇಳಿಯುತ್ತಿಲ್ಲ: ಔಷಧಿ ಸರಿಯಿಲ್ಲವೋ, ಡೋಸ್ ಸಾಲದೋ?

ಪ್ರಶ್ನೆ: ಸರ್, ಮಗುವಿಗೆ ಎರಡೂವರೆ ವರ್ಷ, ತೂಕ 12 ಕೆ.ಜಿ. ನಿನ್ನೆಯಿಂದ ಜ್ವರ. ಪ್ಯಾರಾಸಿಟಮಾಲ್ ಸಿರಪ್ 2.5 ಎಂ.ಎಲ್. ಕೊಡುತ್ತಿದ್ದೇವೆ. ಜ್ವರ ಸ್ವಲ್ಪವೂ ಜಗ್ಗುತ್ತಿಲ್ಲ. ಬೇರೆ ಕಂಪನಿಯದ್ದು ತರಬೇಕಾ?

ಫಾರ್ಮಸಿಸ್ಟ್: ಕಂಪನಿ ಬದಲಾಯಿಸುವ ಮೊದಲು ಬಾಟಲಿಯ ಹಿಂಬದಿ ನೋಡಿ. "ಪ್ರತಿ 5 ಎಂ.ಎಲ್.ನಲ್ಲಿ" ಅಂತ ಒಂದು ಸಾಲಿರುತ್ತದೆ, ಅದರ ಮುಂದೆ ಎಷ್ಟು ಮಿ.ಗ್ರಾಂ ಎಂದಿದೆ? ನೀವು ಬರೆದಿರುವುದು ಎಂ.ಎಲ್. ಮಾತ್ರ. ಎಂ.ಎಲ್. ಎಂದರೆ ನೀರಿನ ಅಳತೆ, ಔಷಧಿಯದ್ದಲ್ಲ.

ಮಕ್ಕಳಿಗೆ ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ನಿಮ್ಮ ಮಗುವಿಗೆ 120ರಿಂದ 180 ಮಿ.ಗ್ರಾಂ ಬೇಕು. ಈಗ ಬಾಟಲಿಗೆ ಬನ್ನಿ.

5 ಎಂ.ಎಲ್.ನಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 2.5 ಎಂ.ಎಲ್.ನಲ್ಲಿ ಸಿಗುವುದು ಬರೀ 60 ಮಿ.ಗ್ರಾಂ. ಕನಿಷ್ಠ ಡೋಸ್‌ನ ಅರ್ಧ. ಜ್ವರ ಜಗ್ಗದಿದ್ದರೆ ಆಶ್ಚರ್ಯವೇನಿಲ್ಲ. ಇದರಲ್ಲಿ 5ರಿಂದ 7.5 ಎಂ.ಎಲ್. ಬೇಕಾಗುತ್ತದೆ. 5 ಎಂ.ಎಲ್.ನಲ್ಲಿ 250 ಮಿ.ಗ್ರಾಂ ಇರುವುದಾದರೆ ಅದೇ 2.5 ಎಂ.ಎಲ್.ಗೆ 125 ಮಿ.ಗ್ರಾಂ ಬಂತು, ಡೋಸ್ ಸರಿಯಾಗಿದೆ. ಇನ್ನು ಹಸುಗೂಸುಗಳ ಡ್ರಾಪ್ಸ್ ಬಾಟಲಿ ಇದ್ದರೆ ಎಚ್ಚರ. ಅದರಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೇ 100 ಮಿ.ಗ್ರಾಂ. 2.5 ಎಂ.ಎಲ್. ಎಂದರೆ 250 ಮಿ.ಗ್ರಾಂ, ಈ ಮಗುವಿಗೆ ಮಿತಿ ಮೀರಿತು. ಒಂದೇ ಅಳತೆ, ಮೂರು ಬಾಟಲಿ: ಒಂದರಲ್ಲಿ ಸಾಲದು, ಒಂದರಲ್ಲಿ ಸರಿ, ಒಂದರಲ್ಲಿ ಹೆಚ್ಚು.

ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ಬಿಡಿ. 24 ಗಂಟೆಯಲ್ಲಿ ನಾಲ್ಕು ಸಲ ದಾಟಬೇಡಿ. ಶೀತ-ಕೆಮ್ಮಿಗೆಂದು ಬೇರೆ ಸಿರಪ್ ಕೊಡುತ್ತಿದ್ದರೆ ಅದರ ಲೇಬಲ್ಲನ್ನೂ ಓದಿ, ಅದರೊಳಗೂ ಪ್ಯಾರಾಸಿಟಮಾಲ್ ಇರಬಹುದು.

ಪ್ರಶ್ನೆ (ಅವರೇ): 120ರ ಬಾಟಲಿಯೇ ಸರ್. 6 ಎಂ.ಎಲ್. ಕೊಡಬಹುದಾ? ಅಳೆಯುವುದು ಚಮಚದಲ್ಲಿ.

ಫಾರ್ಮಸಿಸ್ಟ್: 6 ಎಂ.ಎಲ್. ಎಂದರೆ 144 ಮಿ.ಗ್ರಾಂ, ಕೆ.ಜಿ.ಗೆ 12. ಸರಿಯಾಗಿದೆ. ಚಮಚ ಮಾತ್ರ ಬೇಡ. ಒಂದು ಚಮಚ 3 ಎಂ.ಎಲ್. ಹಿಡಿದರೆ ಇನ್ನೊಂದು 7 ಹಿಡಿಯುತ್ತದೆ. ಬಾಟಲಿ ಜೊತೆ ಬರುವ ಮುಚ್ಚಳದ ಗೆರೆಗಳೂ ಸಣ್ಣ ಅಳತೆಗೆ ನಂಬಿಕಸ್ಥ ಅಲ್ಲ. ಸೂಜಿ ಇಲ್ಲದ, ಬಾಯಿಗೆ ಹಾಕುವ ಸಿರಿಂಜ್ ತನ್ನಿ. ಒಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಔಷಧಿ ಕಡಿಮೆ, ಅದನ್ನು ಹೊರಹಾಕಿ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಗಂಟಲಿಗೆ ನೇರ ಚಿಮ್ಮಬೇಡಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಉಗುಳಿದ್ದೂ ಕಡಿಮೆ ಡೋಸೇ.

ಮಕ್ಕಳ ವೈದ್ಯೆ: ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಡೋಸ್ ಸರಿಯಾಗಿದ್ದರೂ ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಬೇಕು, ಜ್ವರ ಪೂರ್ತಿ ಬಿಡಲೇಬೇಕೆಂದೂ ಇಲ್ಲ. 103 ಇದ್ದದ್ದು 101ಕ್ಕೆ ಬಂದು ಮಗು ಆಡುತ್ತಾ ನೀರು ಕುಡಿಯುತ್ತಿದ್ದರೆ ಔಷಧಿ ತನ್ನ ಕೆಲಸ ಮಾಡಿದೆ. ಥರ್ಮಾಮೀಟರ್ ನೋಡಿ ಮತ್ತೊಂದು ಡೋಸ್ ಸುರಿಯಬೇಡಿ. ಜ್ವರ ಮೂರು ದಿನ ದಾಟಿದರೆ, ಮಗು ಮಂಕಾದರೆ, ಉಸಿರಾಟ ಜೋರಾದರೆ, ಮೂತ್ರ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಕೂಸಾದರೆ ಜ್ವರ ಬಂದ ದಿನವೇ ತೋರಿಸಬೇಕು, ಡೋಸ್ ಲೆಕ್ಕ ಆಮೇಲೆ.

ಪುಡಿ ರೂಪದ ಆಂಟಿಬಯೋಟಿಕ್ ಸಿರಪ್ ಬಗ್ಗೆಯೂ ಹೇಳಿಬಿಡುತ್ತೇನೆ, ಅಲ್ಲೇ ಹೆಚ್ಚು ಎಡವಟ್ಟಾಗುವುದು. ಬಾಟಲಿಯ ಮೇಲೆ ಗೆರೆ ಇರುತ್ತದೆ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ, ಕುದಿಸಿ ಆರಿಸಿದ ನೀರು ಅರ್ಧದಷ್ಟು ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿ ಮತ್ತೆ ಕುಲುಕಿ. ಗೆರೆ ದಾಟಿ ನೀರು ಹಾಕಿದರೆ ಕೋರ್ಸ್ ಮುಗಿಯುವ ತನಕ ಪ್ರತಿ ಡೋಸೂ ತೆಳುವೇ. ಇದು ಕರಗಿದ ದ್ರವವಲ್ಲ, ತೇಲುವ ಪುಡಿ. ಕೊಡುವ ಮುನ್ನ ಪ್ರತಿ ಸಲ ಕುಲುಕದಿದ್ದರೆ ಮೊದಲ ದಿನಗಳಲ್ಲಿ ತಿಳಿನೀರು ಹೋಗಿ ಕೊನೆಗೆ ಗಟ್ಟಿ ಗಸಿ ಸಿಗುತ್ತದೆ. ಕಲಸಿದ ಮೇಲೆ ಎಷ್ಟು ದಿನ ಇಡಬಹುದು, ಫ್ರಿಜ್ ಬೇಕೋ ಬೇಡವೋ ಎನ್ನುವುದು ಲೇಬಲ್ ಮೇಲೆ ಇರುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್ ಬರೆದಿದ್ದಾರೆ. ತುಂಬಾ ಪವರ್ ಇದೆ, ಹೊಟ್ಟೆ ಕೆಡುತ್ತದೆ ಅಂತ ಅರ್ಧ ಮಾತ್ರೆ ನುಂಗುತ್ತಿದ್ದಾರೆ. ಅರ್ಧ ತೆಗೆದುಕೊಂಡರೆ ಅರ್ಧವಾದರೂ ಗುಣ ಆಗುತ್ತಲ್ಲಾ?

ಫಾರ್ಮಸಿಸ್ಟ್: ಆಗಲಿಕ್ಕಿಲ್ಲ. ಸೋಂಕು ಇರುವ ಜಾಗದಲ್ಲಿ ಔಷಧಿಯ ಮಟ್ಟ ಒಂದು ಗೆರೆ ದಾಟಿದರೆ ಮಾತ್ರ ಆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಅರ್ಧ ಮಾತ್ರೆಯಿಂದ ಗೆರೆಯೇ ಮುಟ್ಟದಿದ್ದರೆ ಫಲ ಅರ್ಧವಲ್ಲ, ಹೆಚ್ಚುಕಡಿಮೆ ಸೊನ್ನೆ. ಅದರ ಮೇಲೆ, ಸುಲಭಕ್ಕೆ ಸಾಯುವ ಬ್ಯಾಕ್ಟೀರಿಯಾ ಮಾತ್ರ ಸತ್ತು ಗಟ್ಟಿ ಜಾತಿಯವು ಉಳಿದುಕೊಳ್ಳುತ್ತವೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು: ಸಾಲದಷ್ಟು ಪೆನ್ಸಿಲಿನ್ ತೆಗೆದುಕೊಂಡರೆ ರೋಗಾಣು ಸಾಯುವ ಬದಲು ಅದನ್ನು ತಡೆದುಕೊಳ್ಳುವ ಶಕ್ತಿ ಗಳಿಸುತ್ತದೆ ಎಂದು.

ಅಮಾಕ್ಸಿಸಿಲಿನ್ ಗುಂಪಿನಲ್ಲಿ ಮುಖ್ಯವಾದದ್ದು ದಿನದಲ್ಲಿ ಎಷ್ಟು ಹೊತ್ತು ಆ ಗೆರೆಯ ಮೇಲಿದ್ದೆವು ಎನ್ನುವುದು. ಈ ಔಷಧಿ ಸುಮಾರು ಒಂದು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಹೊತ್ತು ತಪ್ಪಿಸುವುದೂ ಅರ್ಧ ಮಾತ್ರೆಯಷ್ಟೇ ಕೆಟ್ಟದ್ದು, ಎಷ್ಟೋ ಸಲ ಅದಕ್ಕಿಂತ ಕೆಟ್ಟದ್ದು. 8 ಗಂಟೆಗೊಮ್ಮೆ ಎಂದು ಬರೆದಿದ್ದನ್ನು ಬೆಳಗ್ಗೆ 10, ಮಧ್ಯಾಹ್ನ 2, ರಾತ್ರಿ 8 ಅಂತ ನುಂಗಿದರೆ ರಾತ್ರಿಯಿಡೀ ಖಾಲಿ.

ಎಲ್ಲ ಆಂಟಿಬಯೋಟಿಕ್‌ಗೂ ಇದೇ ಲೆಕ್ಕವಲ್ಲ. ಅಜಿತ್ರೋಮೈಸಿನ್ ಅಂಗಾಂಶದೊಳಗೆ ದಿನಗಟ್ಟಲೆ ಉಳಿಯುವುದರಿಂದ ದಿನಕ್ಕೊಂದರಂತೆ ಮೂರು ದಿನ ಬರೆದರೂ ಅದು ಪೂರ್ತಿ ಕೋರ್ಸೇ. ಮಾತ್ರೆ ಎಣಿಸಿ ಡೋಸ್ ಸಾಲದು ಎನ್ನಲಾಗದು.

ತಂದೆಯವರ ಹೊಟ್ಟೆಗೆ ಪರಿಹಾರ ಬೇರೆ ಇದೆ: ಈ ಮಾತ್ರೆಯನ್ನು ಊಟ ಶುರು ಮಾಡುವಾಗಲೇ ತೆಗೆದುಕೊಳ್ಳಲಿ. ಅಷ್ಟಾದರೂ ಭೇದಿ ನಿಲ್ಲದಿದ್ದರೆ ವೈದ್ಯರು ಔಷಧಿಯನ್ನೇ ಬದಲಾಯಿಸುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ ಅದನ್ನು ಮೊದಲೇ ಹೇಳಿ. ಅಂಥವರಿಗೆ ವೈದ್ಯರೇ ಡೋಸ್ ಇಳಿಸಿ ಬರೆಯುತ್ತಾರೆ, ಅವರ ಮಟ್ಟಿಗೆ ಅದೇ ಸರಿಯಾದ ಡೋಸ್.

ಪ್ರಶ್ನೆ: ಹಾಗಾದರೆ ಹೃದಯಕ್ಕೆ ಕೊಡುವ 75 ಮಿ.ಗ್ರಾಂ ಆಸ್ಪಿರಿನ್? ತಲೆನೋವಿಗೆ 300ಕ್ಕಿಂತ ಕಡಿಮೆ ಯಾರೂ ಕೊಡುವುದಿಲ್ಲವಲ್ಲ.

ಫಾರ್ಮಸಿಸ್ಟ್: ಒಳ್ಳೆಯ ಪ್ರಶ್ನೆ. ಅಲ್ಲಿ ಕೆಲಸವೇ ಬೇರೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯಲು 75 ಮಿ.ಗ್ರಾಂ ಸಾಕು, ಏಕೆಂದರೆ ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯುಷ್ಯ ಪೂರ್ತಿ, ಅಂದರೆ ಏಳರಿಂದ ಹತ್ತು ದಿನ, ಅಂಟಿಕೊಳ್ಳದೆ ಹಾಗೇ ಉಳಿಯುತ್ತದೆ. ನೋವಿಗೆ ಆ 75 ಏನೇನೂ ಸಾಲದು. ನೋವಿನ ಡೋಸ್ ದಿನವೂ ಹೃದಯಕ್ಕೆಂದು ನುಂಗಿದರೆ ಲಾಭ ಹೆಚ್ಚುವುದಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಮೇಡಂ, ಥೈರಾಯ್ಡ್‌ಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ಶುರು ಮಾಡಿ ಎರಡು ವಾರ ಆಯಿತು. ಸುಸ್ತು ಹಾಗೇ ಇದೆ. ಎರಡು ಮಾತ್ರೆ ತೆಗೆದುಕೊಳ್ಳಲಾ?

ಫಿಸಿಶಿಯನ್: ಬೇಡಮ್ಮಾ. ಡೋಸ್ ಸಾಲದು ಅನ್ನುವುದಕ್ಕೂ ಇನ್ನೂ ಸಮಯ ಆಗಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ. ಥೈರಾಕ್ಸಿನ್ ಅರ್ಧ ಇಳಿಯಲು ಸುಮಾರು ಒಂದು ವಾರ ಬೇಕು. ಹೀಗಾಗಿ ದಿನವೂ ನುಂಗುತ್ತಾ ಹೋದರೆ ರಕ್ತದಲ್ಲಿ ಮಟ್ಟ ನೆಲೆಗೊಳ್ಳಲು ನಾಲ್ಕೈದು ವಾರ. ಅದಕ್ಕೇ ಟಿಎಸ್ಎಚ್ ಪರೀಕ್ಷೆ (ಥೈರಾಯ್ಡ್ ಡೋಸ್ ಸಾಕೇ ಎಂದು ತಿಳಿಸುವ ರಕ್ತಪರೀಕ್ಷೆ) 6ರಿಂದ 8 ವಾರಕ್ಕೆ ಮಾಡಿಸಿ ಡೋಸ್ ತಿದ್ದುವುದು. ಈಗಲೇ ಎರಡು ಮಾಡಿದರೆ ಆಮೇಲೆ ಎದೆಬಡಿತ, ಕೈನಡುಕ ಬರಬಹುದು.

ಅಷ್ಟರಲ್ಲಿ ನುಂಗಿದ ಮಾತ್ರೆ ಪೂರ್ತಿ ಒಳಗೆ ಹೋಗುತ್ತಿದೆಯಾ ನೋಡಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ, ತಿಂಡಿ-ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಡುವೆ 4 ಗಂಟೆ ಅಂತರ. ಜೊತೆಗೇ ನುಂಗಿದರೆ ಅವು ಥೈರಾಕ್ಸಿನ್ನನ್ನು ಕರುಳಲ್ಲೇ ಹಿಡಿದುಕೊಳ್ಳುತ್ತವೆ. ಚೀಟಿಯಲ್ಲಿ 50, ರಕ್ತಕ್ಕೆ ಸೇರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಪ್ರಶ್ನೆ: ಇನ್ಸುಲಿನ್ 20 ಯೂನಿಟ್ ತೆಗೆದುಕೊಳ್ಳುತ್ತಿದ್ದ ನಮ್ಮ ಅಮ್ಮನಿಗೆ ಶುಗರ್ ಒಂದು ತಿಂಗಳಿಂದ 300ರ ಆಸುಪಾಸು. ವೈದ್ಯರು 30ಕ್ಕೆ ಏರಿಸಿದರು, ಆದರೂ ಇಳಿದಿಲ್ಲ. ಆಹಾರ ಬದಲಾಗಿಲ್ಲ. ಸಿರಿಂಜ್ ಮಾತ್ರ ಹೊಸ ಪ್ಯಾಕ್.

ಫಾರ್ಮಸಿಸ್ಟ್: ಕೊನೆಯ ವಾಕ್ಯದಲ್ಲೇ ಉತ್ತರ ಇರಬಹುದು. ವಯಲ್ (ಇನ್ಸುಲಿನ್‌ನ ಪುಟ್ಟ ಬಾಟಲಿ) ಮೇಲೆ 1 ಎಂ.ಎಲ್.ಗೆ 40 ಯೂನಿಟ್ ಎಂದಿದೆಯೋ 100 ಎಂದಿದೆಯೋ ನೋಡಿ. ಸಿರಿಂಜ್ ಮೇಲೂ ಅದೇ ಸಂಖ್ಯೆ ಇರಬೇಕು. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಬಣ್ಣ ನಂಬಿ ಕೂರದೆ ಅಂಕಿ ಓದಿ.

ಪ್ರಶ್ನೆ (ಅವರೇ): ವಯಲ್ 40, ಸಿರಿಂಜ್ ಕಿತ್ತಳೆ ಮುಚ್ಚಳದ್ದು, 100 ಅಂತಿದೆ.

ಫಾರ್ಮಸಿಸ್ಟ್: ಹಾಗಾದರೆ ಇದೇ ಕಾರಣ. 100ರ ಸಿರಿಂಜಿನ 20ನೇ ಗೆರೆ ಎಂದರೆ 0.2 ಎಂ.ಎಲ್. ಆ ವಯಲ್‌ನಿಂದ ಅಷ್ಟು ಎಳೆದರೆ ಬರುವುದು 8 ಯೂನಿಟ್. 30ನೇ ಗೆರೆಗೆ ಎಳೆದರೂ 12. ಅಂದರೆ ಏರಿಸಿದ ಮೇಲೂ ಮೊದಲಿನ 20 ಅವರಿಗೆ ಸಿಗುತ್ತಿಲ್ಲ.

ಈಗ ದಯವಿಟ್ಟು ಗಮನಿಸಿ. ಕೆಂಪು ಮುಚ್ಚಳದ ಸಿರಿಂಜ್ ತಂದು ಅದರಲ್ಲಿ 30 ಹಾಕಿಬಿಡಬೇಡಿ. 12 ತೆಗೆದುಕೊಳ್ಳುತ್ತಿದ್ದ ದೇಹಕ್ಕೆ ಒಮ್ಮೆಲೇ 30, ಅಂದರೆ ಎರಡೂವರೆ ಪಟ್ಟು ಹೋಗುತ್ತದೆ, ಶುಗರ್ ಧಿಡೀರನೆ ಕುಸಿಯಬಹುದು. ಆ 30 ಎಂಬ ಸಂಖ್ಯೆ ಬಂದದ್ದೇ ತಪ್ಪು ಸಿರಿಂಜಿನ ಶುಗರ್ ನೋಡಿ. ಇವತ್ತೇ, ಮುಂದಿನ ಇಂಜೆಕ್ಷನ್‌ಗೆ ಮೊದಲು, ವೈದ್ಯರಿಗೆ ಫೋನ್ ಮಾಡಿ "ವಯಲ್ 40, ಸಿರಿಂಜ್ 100, ಒಂದು ತಿಂಗಳಿಂದ ಹೀಗೆ" ಎಂದು ಹೇಳಿ. ಹೊಸ ಡೋಸ್ ಅವರೇ ಹೇಳಲಿ.

ಫಿಸಿಶಿಯನ್: ಹೌದು. ಸಿರಿಂಜ್ ಬದಲಾದ ಮೊದಲ ಕೆಲವು ದಿನ ಊಟಕ್ಕೆ ಮುಂಚೆ ಮತ್ತು ಮಲಗುವ ಮುಂಚೆ ಶುಗರ್ ನೋಡಿ. 70ಕ್ಕಿಂತ ಕೆಳಗೆ ಬಂದರೆ ಮೂರ್ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಸಿ.