ಮೀಟರ್ ಪಲ್ಸ್‌ಗೆ ಲಾಕ್ ಬೇಕಾ, ಬೇಡವಾ? ಕರ್ನಲ್ ಡೇಟಾ ರೇಸ್ ಬಗ್ಗೆ ಚರ್ಚೆ

ಕ್ಯಾತಸಂದ್ರ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ವಸಂತನರಸಾಪುರದಲ್ಲಿ ಕೆಲಸ ಮಾಡ್ತೀನಿ. ಪಾವಗಡ ಕಡೆಯ ಸೋಲಾರ್ ಜಾಗಗಳಲ್ಲಿ ಕೂರಿಸೋ ಡೇಟಾ ಲಾಗರ್‌ಗೆ ಲಿನಕ್ಸ್ ಡ್ರೈವರ್ ಬರೀತಿದ್ದೀವಿ. ಬೋರ್ಡ್ 32 ಬಿಟ್ ಆರ್ಮ್, ನಾಲ್ಕು ಕೋರ್. ಡ್ರೈವರ್‌ನಲ್ಲಿ ಮೂರು ಕೌಂಟರ್ ಇವೆ. ಒಂದು ಮೀಟರ್ ಪಲ್ಸ್, ಇನ್ನೊಂದು ನೆಟ್‌ವರ್ಕ್‌ನಲ್ಲಿ ಹೋದ ಬೈಟ್, ಮತ್ತೊಂದು ಕ್ಯೂ ಎಷ್ಟು ಸಲ ತುಂಬಿತು ಅಂತ ಡೀಬಗ್‌ಗೆ ಇಟ್ಟಿದ್ದು. ಎಕ್ಸ್86 ವರ್ಚುವಲ್ ಮೆಷಿನ್‌ನಲ್ಲಿ ಕೆಸಿಸ್ಯಾನ್ (ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಡೇಟಾ ರೇಸ್ ಹುಡುಕೋ ಸಾಧನ) ಆನ್ ಮಾಡಿ ಓಡಿಸಿದ್ರೆ ಮೂರರ ಮೇಲೂ ಡೇಟಾ ರೇಸ್ ವರದಿ ಬರ್ತಿದೆ, ಅಂದ್ರೆ ಒಂದೇ ಜಾಗವನ್ನ ಇಬ್ಬರು ತಡೆಯಿಲ್ಲದೆ ಒಟ್ಟಿಗೆ ಮುಟ್ಟಿ, ಒಬ್ಬರಾದ್ರೂ ಬರೀತಿದ್ದಾರೆ. ಟೀಮ್‌ನಲ್ಲಿ ಒಬ್ಬರು ಎಲ್ಲದಕ್ಕೂ ಸ್ಪಿನ್‌ಲಾಕ್ (ಒಬ್ಬರು ಮುಗಿಸೋವರೆಗೆ ಇನ್ನೊಬ್ಬರನ್ನ ಕಾಯಿಸೋ ಬೀಗ) ಹಾಕು ಅಂತಾರೆ, ಇನ್ನೊಬ್ಬರು ಎಲ್ಲದಕ್ಕೂ ಡೇಟಾ_ರೇಸ್() (ಈ ರೇಸ್ ಗೊತ್ತಿದ್ದೇ ಬಿಟ್ಟಿದ್ದು ಅನ್ನೋ ಗುರುತು) ಸುತ್ತಿ ಮುಗಿಸು ಅಂತಾರೆ. ನೀವೇನಂತೀರಿ?

ಸಿರಾ ಗೇಟ್
ಸ್ಪಿನ್‌ಲಾಕ್ ಬೇಡ ತಮ್ಮಾ. ಬೈಟ್ ಕೌಂಟರನ್ನ ಪ್ರತಿ ಪ್ಯಾಕೆಟ್‌ಗೂ ಮುಟ್ಟಬೇಕು. ಅದಕ್ಕೆ ಲಾಕ್ ಹಾಕಿದ್ರೆ ಆ ಕ್ಯಾಶ್ ಲೈನ್ (ಕೋರ್ ತನ್ನ ಹತ್ತಿರ ಇಟ್ಟುಕೊಳ್ಳೋ ಮೆಮೊರಿ ತುಣುಕು) ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡ್ತಾನೇ ಇರುತ್ತೆ, ಅಸಲು ಕೆಲಸ ಹಿಂದೆ ಬೀಳುತ್ತೆ. ಕರ್ನಲ್‌ನಲ್ಲಿ ಪರ್-ಸಿಪಿಯು ಕೌಂಟರ್ ಇರೋದೇ ಇದಕ್ಕೆ. ಪ್ರತಿ ಕೋರ್ ತನ್ನದನ್ನ ತಾನು ಏರಿಸಿಕೊಳ್ಳುತ್ತೆ, ಬೇಕಾದವರು ಓದುವಾಗ ಕೂಡಿಸ್ಕೋತಾರೆ. ಕೂಡಿಸೋಷ್ಟರಲ್ಲಿ ನಾಲ್ಕು ಪ್ಯಾಕೆಟ್ ಹೆಚ್ಚುಕಮ್ಮಿ ಆದ್ರೆ ಯಾರ ಗಂಟೂ ಹೋಗಲ್ಲ. ಎಣಿಕೆಗೋಸ್ಕರ ಡ್ರೈವರನ್ನೇ ನಿಧಾನ ಮಾಡೋದು ನನಗಂತೂ ಒಪ್ಪಿಗೆಯಿಲ್ಲ.

ಮಧುಗಿರಿ ಬೆಟ್ಟ
ಬೈಟ್ ಕೌಂಟರ್‌ಗೆ ನೀವು ಹೇಳಿದ್ದು ಸರಿ ಸಾರ್. ಆದ್ರೆ ಪಲ್ಸ್ ಅಂದ್ರೆ ದುಡ್ಡು. ಅದರಲ್ಲಿ ಹೆಚ್ಚುಕಮ್ಮಿ ಆದ್ರೆ ಒಂದು ಕಡೆಯವರಿಗೆ ಮೋಸ ಆಗುತ್ತೆ. ಅಲ್ಲದೆ ಅಲ್ಲಿ ವೇಗದ ಪ್ರಶ್ನೆಯೇ ಬರಲ್ಲ, ಲೆಕ್ಕ ಹಾಕಿ ನೋಡಿ. ಒಂದು ಯೂನಿಟ್‌ಗೆ 3200 ಪಲ್ಸ್ ಕೊಡೋ ಮೀಟರ್ ಅಂದ್ಕೊಳ್ಳಿ. 10 ಕಿಲೋವ್ಯಾಟ್ ಹೊರೆಗೆ ಗಂಟೆಗೆ 32000, ಅಂದ್ರೆ ಸೆಕೆಂಡಿಗೆ ಒಂಬತ್ತರ ಹತ್ತಿರ. ಸೆಕೆಂಡಿಗೆ ಒಂಬತ್ತು ಸಲ ಅಟಾಮಿಕ್ ಏರಿಕೆ (ನಡುವೆ ಯಾರೂ ತೂರಲಾಗದ, ಒಂದೇ ಹೆಜ್ಜೆಯ ಏರಿಕೆ) ಮಾಡಿದ್ರೆ ಯಾವ ಬೋರ್ಡ್‌ಗೂ ಭಾರ ಆಗಲ್ಲ. ಆರ್ಮ್‌ವಿ7ನಲ್ಲಿ 64 ಬಿಟ್ ಅಟಾಮಿಕ್‌ಗೆ ಬೇಕಾದ ಸೂಚನೆಗಳು ಪ್ರೊಸೆಸರ್‌ನಲ್ಲೇ ಇವೆ. ವೇಗ ಹೋಗುತ್ತೆ ಅನ್ನೋ ಮುಂಚೆ ಆ ಸಾಲು ಎಷ್ಟು ಸಲ ಓಡುತ್ತೆ ಅಂತ ನೋಡ್ಬೇಕು.

ತಿಪಟೂರು ತೆಂಗು
ಇಷ್ಟೆಲ್ಲ ಯಾಕೆ? ಕೌಂಟರ್ ಸಿ ಏರಿಸೋ ++ ತೆಗೆದು ರೈಟ್_ಒನ್ಸ್(ಸಿ, ರೀಡ್_ಒನ್ಸ್(ಸಿ) + 1) ಅಂತ ಬರೀರಿ. ಕೆಸಿಸ್ಯಾನ್ ಸುಮ್ಮನಾಗುತ್ತೆ, ಲಾಕ್ ಖರ್ಚೂ ಇಲ್ಲ.

ಮಧುಗಿರಿ ಬೆಟ್ಟ
ಕೆಸಿಸ್ಯಾನ್ ಸುಮ್ಮನಾಗುತ್ತೆ, ಲೆಕ್ಕ ಮಾತ್ರ ತಪ್ತಾನೇ ಇರುತ್ತೆ. ಎರಡು ಕೋರ್ ಒಟ್ಟಿಗೆ 41 ಅಂತ ಓದಿ, ಎರಡೂ 42 ಅಂತ ಬರೆದ್ರೆ ಒಂದು ಪಲ್ಸ್ ಹೋಯ್ತು. ರೀಡ್_ಒನ್ಸ್, ರೈಟ್_ಒನ್ಸ್ ಕಟ್ಟಿಹಾಕೋದು ಕಂಪೈಲರನ್ನ. ಓದೋದನ್ನ ಒಡೆಯಬೇಡ, ಎರಡು ಓದನ್ನ ಒಂದು ಮಾಡಬೇಡ, ಇಲ್ಲದ ಓದನ್ನ ಹುಟ್ಟಿಸಬೇಡ ಅಂತ ಅಷ್ಟೇ. ಓದಿ, ಕೂಡಿಸಿ, ಬರೆಯೋ ಮೂರು ಹೆಜ್ಜೆಯನ್ನ ಅವು ಒಂದೇ ಹೆಜ್ಜೆ ಮಾಡಲ್ಲ. 2020ರಲ್ಲಿ ಲಿನಕ್ಸ್ 5.8ಕ್ಕೆ ಕೆಸಿಸ್ಯಾನ್ ಬಂದಾಗಿನಿಂದ ಈ ರೀತಿಯ ಪ್ಯಾಚ್ ನೋಡಿದಾಗೆಲ್ಲ ನನಗೆ ಬೇಜಾರಾಗುತ್ತೆ. ವರದಿ ಹೋಗಿರುತ್ತೆ, ಬಗ್ ಅಲ್ಲೇ ಇರುತ್ತೆ, ಮುಂದೆ ಹುಡುಕೋರಿಗೆ ಸುಳಿವೂ ಸಿಗಲ್ಲ.

ಸಿರಾ ಗೇಟ್
ಈ ಮಾತು ನಾನೂ ಒಪ್ತೀನಿ. ಕೆಸಿಸ್ಯಾನ್ ಒಂದು ಜಾಗಕ್ಕೆ ಕಾವಲು ಹಾಕಿ ಸ್ವಲ್ಪ ಹೊತ್ತು ಕಾಯುತ್ತೆ, ಟಾಸ್ಕ್‌ನಲ್ಲಿ ಡೀಫಾಲ್ಟ್ 80 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಇನ್ನೊಂದು ಕೋರ್ ಬಂದು ಅದೇ ಜಾಗ ಮುಟ್ಟಿದ್ರೆ ವರದಿ. ಎಲ್ಲ ಓದು-ಬರಹವನ್ನೂ ನೋಡಲ್ಲ, ನಡುನಡುವೆ ಒಂದೊಂದನ್ನ ಆರಿಸಿಕೊಳ್ಳುತ್ತೆ. ಹಾಗಾಗಿ ವರದಿ ಇಲ್ಲ ಅಂದ್ರೆ ರೇಸ್ ಇಲ್ಲ ಅಂತ ತಿಳೀಬಾರದು.

ಕ್ಯಾತಸಂದ್ರ ಹುಡುಗ
ಹಾಗಾದ್ರೆ ಪಲ್ಸ್‌ಗೆ ಅಟಾಮಿಕ್64 ಹಾಕ್ತೀನಿ ಅಕ್ಕ. ಇನ್ನೊಂದು ವಿಷಯ, ಸರ್ವರ್‌ಗೆ ಕಳಿಸೋ ಪ್ರೋಗ್ರಾಂ ಸಿಸ್‌ಎಫ್‌ಎಸ್ ಫೈಲ್ (ಡ್ರೈವರ್ ತನ್ನ ಸಂಖ್ಯೆಗಳನ್ನ ಹೊರಗೆ ತೋರಿಸೋ ಫೈಲ್) ಓದಿದಾಗ ಡ್ರೈವರ್ ಆ ಸಂಖ್ಯೆ ಕೊಟ್ಟು ಕೌಂಟರನ್ನ ಸೊನ್ನೆ ಮಾಡುತ್ತೆ. ಈಗ ಅದು ಅಟಾಮಿಕ್64_ರೀಡ್, ಕೆಳಗಿನ ಸಾಲಿನಲ್ಲಿ ಅಟಾಮಿಕ್64_ಸೆಟ್ ಸೊನ್ನೆ ಆಗುತ್ತೆ. ಅಷ್ಟು ಸಾಕಲ್ವಾ?

ಮಧುಗಿರಿ ಬೆಟ್ಟ
ಸಾಕಾಗಲ್ಲ. ಓದಿದ ಮೇಲೆ, ಸೊನ್ನೆ ಬರೆಯೋ ಮುಂಚೆ ಬಂದ ಪಲ್ಸ್ ಅಳಿಸಿಹೋಗುತ್ತೆ. ಇಲ್ಲಿ ಡೇಟಾ ರೇಸ್ ಇಲ್ಲ, ಎರಡೂ ಅಟಾಮಿಕ್, ಕೆಸಿಸ್ಯಾನ್ ಬಾಯಿ ಬಿಡಲ್ಲ. ಆದ್ರೂ ಎರಡು ಹೆಜ್ಜೆಯ ನಡುವೆ ರೇಸ್ ಇದೆ. ಅಟಾಮಿಕ್64_ಎಕ್ಸ್‌ಚೇಂಜ್ ಬಳಸಿ. ಹಳೇ ಸಂಖ್ಯೆ ಕೈಗೆ ಕೊಟ್ಟು ಸೊನ್ನೆ ಇಡೋದನ್ನ ಅದು ಒಂದೇ ಏಟಿಗೆ ಮಾಡುತ್ತೆ. ಇನ್ನೂ ಒಳ್ಳೇದು ಅಂದ್ರೆ ಸೊನ್ನೆ ಮಾಡೋದನ್ನೇ ಬಿಟ್ಟು, ಹಿಂದಿನ ಸಂಖ್ಯೆ ಕಳೆಯೋ ಕೆಲಸವನ್ನ ಪ್ರೋಗ್ರಾಂಗೆ ಕೊಡೋದು. ಓದಿದ ಮೇಲೆ ಪ್ರೋಗ್ರಾಂ ಬಿದ್ದುಹೋದ್ರೂ ಪಲ್ಸ್ ಕಳೆಯಲ್ಲ.

ಸಿರಾ ಗೇಟ್
ಬೈಟ್ ಕೌಂಟರ್‌ನಲ್ಲಿ ಒಂದು ಅಪಾಯ ಇದೆ, ಅದು ನಿಮ್ಮ ವರ್ಚುವಲ್ ಮೆಷಿನ್‌ನಲ್ಲಿ ಕಾಣಲ್ಲ. ಅದು 64 ಬಿಟ್, ಬೋರ್ಡ್ 32 ಬಿಟ್. ಸಂಖ್ಯೆಯನ್ನ ಎರಡು ಅರ್ಧವಾಗಿ ಓದಬಹುದು. ಕೆಳಗಿನ ಅರ್ಧ 4294967295 ದಾಟಿ ಸೊನ್ನೆಗೆ ಬರೋ ಹೊತ್ತಿಗೆ ಓದಿದ್ರೆ ಲೆಕ್ಕ ಒಂದೇ ಸಲಕ್ಕೆ 4 ಜಿಬಿ ಏರುತ್ತೆ ಅಥವಾ ಇಳಿಯುತ್ತೆ. ನಾಲ್ಕು ಪ್ಯಾಕೆಟ್ ಹೆಚ್ಚುಕಮ್ಮಿ ಅಂತ ನಾನು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದನ್ನ ಬಿಡೋ ಹಾಗಿಲ್ಲ. ಯು64_ಸ್ಟ್ಯಾಟ್ಸ್_ಸಿಂಕ್ ಬಳಸಿ. 32 ಬಿಟ್‌ನಲ್ಲಿ ಅದು ಸೀಕ್ವೆನ್ಸ್ ಕೌಂಟರ್ (ಬರೆದಾಗೆಲ್ಲ ಏರೋ ಸಂಖ್ಯೆ) ಇಟ್ಟು, ಮಧ್ಯೆ ಬದಲಾಗಿದ್ರೆ ಮತ್ತೆ ಓದಿಸುತ್ತೆ. 64 ಬಿಟ್‌ನಲ್ಲಿ ಆ ಖರ್ಚು ಇಲ್ಲ. ಆದ್ರೆ ಒಂದು ಕೌಂಟರ್‌ಗೆ ಒಂದು ಹೊತ್ತಿಗೆ ಬರೆಯೋರು ಒಬ್ಬರೇ ಇರ್ಬೇಕು, ಅದಕ್ಕೇ ಪರ್-ಸಿಪಿಯು ಇಡಿ.

ತಿಪಟೂರು ತೆಂಗು
ಸರಿ, ಡೀಬಗ್ ಕೌಂಟರ್‌ಗಾದ್ರೂ ಡೇಟಾ_ರೇಸ್() ಸಾಕಲ್ವಾ? ಕರ್ನಲ್ ದಾಖಲೆಯಲ್ಲೇ ರೋಗಪತ್ತೆಗೆ ಮಾತ್ರ ಓದೋ ಕಡೆ ಬಳಸಬಹುದು ಅಂತಿದೆ.

ಸಿರಾ ಗೇಟ್
ಸಾಕು. ಯಾಕೆ ಬಿಟ್ಟಿದ್ದೀವಿ ಅಂತ ಮೇಲೆ ಒಂದು ಸಾಲು ಕಾಮೆಂಟ್ ಬರೀರಿ.

ಕ್ಯಾತಸಂದ್ರ ಹುಡುಗ
ಈಗ ಕೋಡ್ ತೆಗೆದು ನೋಡಿದೆ. ಆ ಡೀಬಗ್ ಸಂಖ್ಯೆ ಇಷ್ಟು ದಾಟಿದ್ರೆ ಮೋಡೆಮ್ ರೀಸೆಟ್ ಮಾಡು ಅಂತ ಡ್ರೈವರ್‌ನಲ್ಲಿ ಯಾರೋ ಒಂದು ಲೂಪ್ ಸೇರಿಸಿದ್ದಾರೆ.

ಮಧುಗಿರಿ ಬೆಟ್ಟ
ಹಾಗಿದ್ರೆ ಅದು ಈಗ ಡೀಬಗ್ ಕೌಂಟರ್ ಅಲ್ಲ. ಡೇಟಾ_ರೇಸ್() ಕೆಸಿಸ್ಯಾನ್‌ಗೆ ಮಾತ್ರ ಸುಮ್ಮನಿರು ಅನ್ನುತ್ತೆ, ಕಂಪೈಲರ್‌ಗೆ ಅಡ್ಡಿ ಮಾಡಲ್ಲ. ಲೂಪ್‌ನೊಳಗಿನ ಓದನ್ನ ಕಂಪೈಲರ್ ಹೊರಗೆ ಎಳೆದು ಒಂದೇ ಸಲ ಓದಿದ್ರೆ ಮೋಡೆಮ್ ರೀಸೆಟ್ ಆಗೋದೇ ಇಲ್ಲ. ಓದೋ ಕಡೆ ರೀಡ್_ಒನ್ಸ್ ಹಾಕಿ. ಏರಿಸೋರು ಒಬ್ಬರೇ ಆದ್ರೆ ರೈಟ್_ಒನ್ಸ್ ಸಾಕು, ಇಬ್ಬರಾದ್ರೆ ಅಟಾಮಿಕ್ ಮಾಡಿ.

ಕ್ಯಾತಸಂದ್ರ ಹುಡುಗ
ಇಬ್ಬರಿದ್ದಾರೆ ಅಕ್ಕ, ಇಂಟರಪ್ಟ್ ಮತ್ತು ವರ್ಕ್‌ಕ್ಯೂ (ಕರ್ನಲ್ ಆಮೇಲೆ ಓಡಿಸೋ ಕೆಲಸಗಳ ಸಾಲು). ಅಟಾಮಿಕ್ ಮಾಡ್ತೀನಿ. ಮೂರಕ್ಕೂ ಬೇರೆ ಬೇರೆ ಪ್ಯಾಚ್ ಮಾಡಿ ಇಲ್ಲಿ ಹಾಕ್ತೀನಿ, ದಯವಿಟ್ಟು ಎಲ್ಲರೂ ನೋಡಿ.